ಬೀಗರ ಮುಂದೆ ಎಣಿಸಬಾರದು

ಆಗಸ್ಟ್ 23, 2015. ಬುಖಾರಾ

ಇವತ್ತು ರೊಟ್ಟಿ ಮುರಿದು ಮಗಳ ಮದುವೆ ನಿಶ್ಚಯವಾಯಿತು. ಮೆಹ್ರಂಗೀಸ್‌ಗೆ ಇದು ಎರಡನೇ ಸಲ. ಒಂದು ಅಂಚನ್ನು ನಾನು ಹಿಡಿದೆ, ಇನ್ನೊಂದನ್ನು ಹುಡುಗನ ತಾಯಿ, ಇಸ್ಮತ್ ಅಕಾರ ಹೆಂಡತಿ ಮುಕದ್ದಸ್ ಹಿಡಿದಳು. ಎಳೆದ ಕೂಡಲೇ ರೊಟ್ಟಿ ಸಮನಾಗಿ ಎರಡಾಯಿತು. ಹೆಂಗಸರೆಲ್ಲ ಒಳ್ಳೆಯ ಶಕುನ ಎಂದರು. ಹೋದ ಸಲದ ರೊಟ್ಟಿಯೂ ಹೀಗೇ ಸಮನಾಗಿ ಮುರಿದಿತ್ತು, ಆದರೆ ಆ ಮಾತನ್ನು ಯಾರೂ ಎತ್ತಲಿಲ್ಲ, ಪುಣ್ಯ.

ಹೋದ ಸಲ ಕೆಟ್ಟದ್ದು ನನ್ನಿಂದಲೇ. ಆ ಬೀಗರು ತಂದ ಉಂಗುರ ಕೈಗೆ ಹಗುರ ಅನ್ನಿಸಿತು, ಅಕ್ಕಸಾಲಿಗನ ಹತ್ತಿರ ಒಯ್ದು ತೂಗಿಸಿದೆ. ತೂಕ ಕಡಿಮೆಯೇ ಇತ್ತು. ಆದರೆ ತೂಗಿಸಿದ ಸುದ್ದಿ ನನಗಿಂತ ಮೊದಲು ಅವರ ಮನೆ ಸೇರಿತು. ಮದುವೆ ಮುರಿಯಿತು. ಬ್ಯಾಂಕಿನ ಸಾನೋಬರ್ ಬೀಗರನ್ನು ತಕ್ಕಡಿಗೆ ಹಾಕಿದಳಂತೆ ಎಂದು ಇಡೀ ಬೀದಿ ಎರಡು ವರ್ಷ ಆಡಿಕೊಂಡಿತು. ಆ ಎರಡು ವರ್ಷ ಒಬ್ಬರೂ ನಮ್ಮ ಬಾಗಿಲು ತಟ್ಟಲಿಲ್ಲ. ಮೆಹ್ರಿಗೆ ಇಪ್ಪತ್ತಾರು ತುಂಬಿದೆ. ಇದೂ ಮುರಿದರೆ ಮೂರನೆಯದು ಎಂಬುದಿಲ್ಲ.

ಇಸ್ಮತ್ ಅಕಾ ನನಗೇನೂ ಹೊಸಬರಲ್ಲ. ನಮ್ಮ ಮನೆಯ ಐದು ಕೋಣೆಗಳಲ್ಲಿ ಉಳಿಯುವ ಪ್ರವಾಸಿಗರ ಡಾಲರಿಗೆ ನಾಲ್ಕು ವರ್ಷದಿಂದ ನಮ್ಮ ಸೋಮ್ ನೋಟು ತಂದು ಕೊಡುವವರು ಅವರೇ. ಬ್ಯಾಂಕಿಗೆ ಹೋದರೆ ಅರ್ಧ ಬೆಲೆ. ಬಜಾರಿನ ಬಾಗಿಲಲ್ಲಿ ನಿಂತು ಪಿಸುಗುಟ್ಟುವವರ ಹತ್ತಿರ ಹೋದರೆ ಕಂತೆಯ ಮೇಲೆ ಕೆಳಗೆ ಸಾವಿರದ ನೋಟು, ನಡುವೆ ನೂರರದು. ಅದಕ್ಕೇ ನಮ್ಮ ಅಂಗಳದಲ್ಲಿ, ಬೀದಿ ಬಾಗಿಲು ಹಾಕಿಕೊಂಡು, ಚಹಾ ಕುಡಿಯುತ್ತ. ನೀವೇ ಎಣಿಸಿ, ಎಣಿಸಿದ ಕಂತೆಯನ್ನು ಮತ್ತೆ ಯಾರ ಕೈಗೂ ಕೊಡಬೇಡಿ, ನಾಚಿಕೆ ಪಡಬೇಡಿ ಎಂದು ಪ್ರತಿಯೊಬ್ಬ ಅತಿಥಿಗೂ ಮೆಹ್ರಿಯ ಇಂಗ್ಲಿಷಿನಲ್ಲಿ ಹೇಳಿಸುತ್ತೇನೆ. ಆಮೇಲೆ ನಾನೂ ಒಮ್ಮೆ ಎಣಿಸುತ್ತೇನೆ. ಇಪ್ಪತ್ತೆರಡು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕೂತ ಹೆಬ್ಬೆರಳು ಇದು, ಒಂದು ಸಂಜೆಯೂ ಒಂದು ನೋಟು ಆಚೀಚೆ ಆಗಿದ್ದಿಲ್ಲ. "ಅಕ್ಕಾ, ನಿಮ್ಮ ಹೆಬ್ಬೆಟ್ಟಿಗಿಂತ ಪೊಲೀಸ್ರೇ ವಾಸಿ ಕಣ್ರೀ" ಎಂದು ಇಸ್ಮತ್ ಅಕಾ ನಗುತ್ತಿದ್ದರು.

ಇವತ್ತಿನಿಂದ ಅವರು ಬೀಗರು. ಮದುವೆ ಅಕ್ಟೋಬರ್ ಒಂಬತ್ತಕ್ಕೆ.

ಆಗಸ್ಟ್ 29

ಇಬ್ಬರು ಫ್ರೆಂಚ್ ಹುಡುಗಿಯರು ನೂರು ಡಾಲರ್ ಬದಲಿಸಬೇಕೆಂದರು. ಫೋನ್ ಮಾಡಿದೆ. ಬೀಗರು ಹೆಂಡತಿಯನ್ನು ಕರೆದುಕೊಂಡು, ಒಂದು ಕರಬೂಜ ಹಿಡಿದು ಬಂದರು. ಚೀಲದಿಂದ ಸಾವಿರದ ನೋಟಿನ ಕಂತೆಗಳು ಹೊರಬಂದವು, ಕಂತೆಗೆ ನೂರರಂತೆ ಒಟ್ಟು ನಾನೂರ ಎಂಬತ್ತು ನೋಟು. ರೂಢಿಯಂತೆ ನನ್ನ ಕೈ ಮುಂದೆ ಹೋಯಿತು.

ಮುಕದ್ದಸ್ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದು ನಕ್ಕಳು. "ಏನ್ ಬೀಗಿತ್ತೀ, ಇನ್ಮೇಲೂ ನಮ್ಮನ್ನ ಎಣಿಸ್ತೀರಾ?"

ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು. ಹೌದಲ್ಲ! ಬೀಗರು ತಂದದ್ದನ್ನು ಬೀಗರ ಎದುರು ಎಣಿಸುವುದುಂಟೆ? ನನ್ನ ಅಕ್ಕನ ಮದುವೆಯಲ್ಲಿ ಬೀಗರ ತಟ್ಟೆಯ ಬಟ್ಟೆಯನ್ನು ಅವರು ಹೋಗುವ ತನಕ ನಮ್ಮಮ್ಮ ಎತ್ತಿ ಸಹ ನೋಡಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡೆ. ಆ ಹುಡುಗಿಯರಲ್ಲಿ ಒಬ್ಬಳು ರಬ್ಬರ್ ಬಿಚ್ಚುತ್ತಿದ್ದಳು. "ಬೇಡ ಅಂತ ಹೇಳು ಮೆಹ್ರಿ, ಇವರು ನಮ್ಮ ನೆಂಟರು ಅಂತ ಹೇಳು" ಎಂದೆ. ಆ ಹುಡುಗಿ ನಕ್ಕು ಕಂತೆಗಳನ್ನು ಹಾಗೇ ಬೆನ್ನಿನ ಚೀಲಕ್ಕೆ ತುರುಕಿದಳು.

ಕರಬೂಜ ಸಕ್ಕರೆಯಂತಿತ್ತು.

ಸೆಪ್ಟೆಂಬರ್ 5

ಮೊನ್ನೆ ಬೀಗರ ಹತ್ತಿರ ಡಾಲರ್ ಬದಲಿಸಿದ ಹಾಲೆಂಡಿನ ಅತಿಥಿ ರೇಷ್ಮೆ ಅಂಗಡಿಯಿಂದ ತಲೆ ಕೆರೆದುಕೊಳ್ಳುತ್ತ ಬಂದ. ಅಂಗಡಿಯವನು ಎಣಿಸಿದಾಗ ಒಂದು ಕಂತೆಯಲ್ಲಿ ತೊಂಬತ್ತಮೂರೇ ಇತ್ತಂತೆ. ಅವನೇನೂ ಜಗಳಕ್ಕೆ ಬಂದಿರಲಿಲ್ಲ, ಕೇಳುತ್ತಿದ್ದ ಅಷ್ಟೆ. ಅಡುಗೆಮನೆಯ ಡಬ್ಬಿಯಿಂದ ಏಳು ನೋಟು ತೆಗೆದು ಕೊಟ್ಟೆ.

ರಬ್ಬರ್ ಸಡಿಲವಾದರೆ ನೋಟು ಜಾರುತ್ತದೆ. ಬೀಗರಿಗೂ ಕಣ್ಣು ಮೊದಲಿನಂತಿಲ್ಲ. ಕಂತೆ ಕಟ್ಟುವುದು ಮುಕದ್ದಸ್ ಇರಬೇಕು, ಅವಳಿಗೆ ಇಡೀ ದಿನ ಟಿವಿ ಧಾರಾವಾಹಿ.

ಸೆಪ್ಟೆಂಬರ್ 11

ಮೆಹ್ರಿ ಗಂಡನ ಮನೆಗೆ ಒಯ್ಯುವ ಹಾಸಿಗೆಗಳಿಗೆ ಬಟ್ಟೆ ಕೊಳ್ಳಬೇಕಿತ್ತು. ನನ್ನದೇ ಇನ್ನೂರು ಡಾಲರನ್ನು ಬೀಗರಿಗೆ ಕೊಟ್ಟೆ. ಅವರು ಹೋದ ಮೇಲೆ ಉಗ್ರಾಣದ ಬಾಗಿಲು ಹಾಕಿಕೊಂಡು ಎಣಿಸಿದೆ. ಒಂಬೈನೂರ ಅರವತ್ತು ಇರಬೇಕಾದಲ್ಲಿ ನಲವತ್ತೊಂದು ಕಡಿಮೆ. ಮತ್ತೆ ಎಣಿಸಿದೆ. ನಲವತ್ತೊಂದೇ.

ಕೈ ತುಕ್ಕು ಹಿಡಿದಿರಬಹುದು ಎಂದುಕೊಂಡೆ. ಪಿಂಚಣಿಯ ಕಂತೆ ಬ್ಯಾಂಕಿನ ಕಾಗದದ ಪಟ್ಟಿಯಲ್ಲಿ ಹಾಗೇ ಇತ್ತು, ಅದನ್ನು ಬಿಚ್ಚಿ ಎಣಿಸಿದೆ. ಸರಿಯಾಗಿ ನೂರು.

ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತೆ. ಹೊರಗೆ ಮೆಹ್ರಿ ಫೋನಿನಲ್ಲಿ ನಗುತ್ತಿದ್ದಳು. ಬೀಗರ ಮಗ ಬೆಹ್ರೂಜ್ ಫ್ರಿಜ್ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ, ಆದರೂ ಇವಳನ್ನು ಅದು ಹೇಗೆ ನಗಿಸುತ್ತಾನೋ. ಎರಡು ವರ್ಷ ಆ ನಗುವನ್ನು ನಾನು ಕೇಳಿರಲಿಲ್ಲ. ಎದ್ದು ಮುಖ ತೊಳೆದುಕೊಂಡೆ. ಹಾಸಿಗೆಯ ಬಟ್ಟೆ ಸ್ವಲ್ಪ ಕಡಿಮೆ ದರ್ಜೆಯದು ತಂದರಾಯಿತು, ಹಾಸಿಗೆಯ ಒಳಗೆ ಯಾರು ಇಣುಕುತ್ತಾರೆ?

ಸೆಪ್ಟೆಂಬರ್ 18

ಹಂಗೇರಿಯಿಂದ ಇಲೊನಾ ಎಂಬ ಹೆಂಗಸು ಬಂದಿದ್ದಾಳೆ. ಎಪ್ಪತ್ತರ ಮೇಲಾಗಿದೆ, ಒಬ್ಬಳೇ ತಿರುಗುತ್ತಾಳೆ. ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದವಳಂತೆ. ಬೆಳಗಾದರೆ ಮೆಹ್ರಿಯ ಪಕ್ಕ ಕೂತು ಕಸೂತಿ ಕಲಿಯುತ್ತಾಳೆ. ಸೂಜಿಗೆ ದಾರ ಪೋಣಿಸಲು ಹತ್ತು ನಿಮಿಷ, ಆದರೂ ಸಹಾಯ ಬೇಡ ಎನ್ನುತ್ತಾಳೆ. ನನಗೆ ಇಷ್ಟವಾದಳು.

ಇನ್ನೂರು ಡಾಲರ್ ಬದಲಿಸಿದಳು. ಕನ್ನಡಕ ಹಾಕಿಕೊಂಡು, ಬೆರಳಿಗೆ ನಾಲಿಗೆ ತಾಗಿಸಿ, ಎಣಿಸಲು ಸಿದ್ಧಳಾಗಿ ಕೂತಳು. ಬೀಗರು ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಇಲ್ಲಿ ಎಣಿಸೋದು ಮರ್ಯಾದೆಯಲ್ಲ ಅಂತ ಹೇಳು ಮೆಹ್ರಿ."

"ಅಮ್ಮ, ನಾವೇ ಎಲ್ಲರಿಗೂ ಎಣಿಸಿ ಅಂತಿದ್ವಿ."

"ಹೇಳು ಅಂದ್ರೆ ಹೇಳು."

ಇಲೊನಾ ಕೂಡಲೇ ಕನ್ನಡಕ ತೆಗೆದಳು. ತನ್ನಿಂದ ತಪ್ಪಾಯಿತೇನೋ ಎಂಬಂತೆ ಬೀಗರಿಗೆ ಕೈ ಎದೆಗಿಟ್ಟು ತಲೆ ಬಾಗಿಸಿದಳು. ಆ ನಮಸ್ಕಾರವನ್ನು ಕಲಿಸಿದ್ದೂ ಮೆಹ್ರಿಯೇ.

ಸೆಪ್ಟೆಂಬರ್ 21

ಆಗಬಾರದ್ದು ಆಯಿತು. ಇಲೊನಾ ಅಂಗಳಕ್ಕೆ ಬಂದು, ದನಿ ತಗ್ಗಿಸಿ, ತನ್ನ ದುಡ್ಡಿನಲ್ಲಿ ಎಪ್ಪತ್ತು ನೋಟು ಕಡಿಮೆ ಇದೆ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದಳು. ಖರ್ಚು ಮಾಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟಿದ್ದಳು. ಬಜಾರಿನ ದಾಳಿಂಬೆ ಸಹ ಅದರಲ್ಲಿತ್ತು.

ಅದೇ ಹೊತ್ತಿಗೆ ಮುಕದ್ದಸ್ ಮದುಮಗಳ ಅಳತೆ ತೆಗೆಯಲು ಬಂದು ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ದಳು. ಕಿವಿ ಇತ್ತಲೇ. ಡಬ್ಬಿಯಿಂದ ಎಪ್ಪತ್ತು ತೆಗೆದು ಕೊಟ್ಟರೆ ಕಡಿಮೆ ಇತ್ತೆಂದು ಅವಳ ಎದುರಿಗೇ ಒಪ್ಪಿಕೊಂಡ ಹಾಗೆ.

"ವಯಸ್ಸಾದ್ಮೇಲೆ ಮರೆವು ಬರತ್ತೆ, ಎಲ್ಲೋ ಕೊಟ್ಟು ಬರೆಯೋದು ಮರ್ತಿದ್ದೀರಿ ಅಂತ ಹೇಳು" ಎಂದೆ.

ಮೆಹ್ರಿ ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾನು ಹೇಳಿದ್ದಕ್ಕಿಂತ ಚಿಕ್ಕದಾಗಿತ್ತು. ಇಲೊನಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಮೆಹ್ರಿಯ ಕೆನ್ನೆ ಸವರಿದಳು.

ಬೇರೆ ಏನು ಹೇಳಬಹುದಿತ್ತು? ಎಪ್ಪತ್ತು ಸಾವಿರಕ್ಕೆ ಅವಳೇನೂ ಉಪವಾಸ ಬೀಳುವುದಿಲ್ಲ. ನನ್ನ ಮಗಳ ಬಾಳು ಒಂದೇ ಒಂದು.

ಸೆಪ್ಟೆಂಬರ್ 24. ಕುರ್ಬಾನ್ ಹಬ್ಬ

ಇಲೊನಾ ಎರಡು ದಿನ ಮೊದಲೇ ಸಮರ್ಕಂದಕ್ಕೆ ಹೊರಟುಹೋದಳು. ಹಬ್ಬದ ಮಾಂಸ ಮೂರು ಪಾಲು ಮಾಡಿ ಹಂಚಿದೆವು. ಮೆಹ್ರಿ ಮುಟ್ಟಲಿಲ್ಲ.

"ಅಮ್ಮ, ನೀವು ಎಣಿಸಿದ್ರಾ?"

"ಬೀಗರ ಮುಂದೆ ಎಣಿಸ್ಬಾರ್ದು ಮಗಳೇ."

"ಅವರು ಹೋದ್ಮೇಲೆ ಎಣಿಸಿದ್ರಾ ಅಂತ ಕೇಳ್ದೆ."

"ಹಬ್ಬದ ದಿನ ದುಡ್ಡಿನ ಮಾತು ಬೇಡ" ಎಂದೆ.

ಸೆಪ್ಟೆಂಬರ್ 28

ಉಪಾಯ ಹೊಳೆದಿದೆ! ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಬೀಗರು ಬಂದ ಕೂಡಲೇ ಚೀಲವನ್ನು ಉಗ್ರಾಣದಲ್ಲಿಟ್ಟು ನಮಾಜಿಗೆ ಕೈಕಾಲು ತೊಳೆಯಲು ಹೋಗುತ್ತಾರೆ. ಅಷ್ಟರಲ್ಲಿ ನಾನು ಒಳಹೊಕ್ಕು, ಹೆಬ್ಬೆರಳಿನಲ್ಲಿ ಕಂತೆಯ ದಪ್ಪ ನೋಡಿ, ಏಳೋ ಎಂಟೋ ನೋಟು ಸೇರಿಸಿ ರಬ್ಬರ್ ಹಾಕಿಡುವುದು. ಇವತ್ತು ಜರ್ಮನ್ ದಂಪತಿ ಕೋಣೆಗೆ ಹೋಗಿ ಎಣಿಸಿದರು, ಒಂದೂ ಕಡಿಮೆಯಿಲ್ಲ. ಅತಿಥಿಗೆ ಮೋಸವಿಲ್ಲ, ಬೀಗರಿಗೆ ಅವಮಾನವಿಲ್ಲ. ಖರ್ಚು ನನ್ನ ಡಬ್ಬಿಗೆ. ಮೆಹ್ರಿಯ ಮದುವೆಗೆಂದೇ ಕೂಡಿಟ್ಟದ್ದು, ಮೆಹ್ರಿಯ ಮದುವೆಗೇ ಹೋಗುತ್ತಿದೆ.

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಅಕ್ಟೋಬರ್ 2

ಡಬ್ಬಿಯ ತಳ ಕಾಣುತ್ತಿದೆ. ಎಲ್ಲರಿಗೂ ತುಂಬಿಸುತ್ತ ಕೂತರೆ ಮದುವೆಗೆ ಉಳಿಯುವುದೇನು? ಎಣಿಸುವವರಿಗೆ ಮಾತ್ರ ತುಂಬಿಸಿದರೆ ಸಾಕು. ಯಾರು ಎಣಿಸುವವರು ಎಂದು ತಿಳಿಯಲು ನನಗೆ ಅರ್ಧ ದಿನ ಬೇಡ. ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿಡುವವರು ಎಣಿಸುತ್ತಾರೆ. ಹೊಸದಾಗಿ ಮದುವೆಯಾದವರು ಎಣಿಸುವುದಿಲ್ಲ, ಅವರಿಗೆ ಒಬ್ಬರ ಮುಖ ಒಬ್ಬರು ನೋಡುವುದೇ ಆಯಿತು. ಬೆಳಿಗ್ಗೆ ಬಂದ ಕೊರಿಯಾದ ಜೋಡಿಗೆ ಕಂತೆ ಹಾಗೇ ಹೋಯಿತು. ಸಂಜೆ ಇಬ್ಬರೂ ಐಸ್‌ಕ್ರೀಮ್ ತಿನ್ನುತ್ತ ಬಂದರು, ನನಗೂ ಒಂದು ತಂದಿದ್ದರು.

ಅಕ್ಟೋಬರ್ 4

ಬೀಗರು ಹೋದ ಮೇಲೆ ಊಟಕ್ಕೆ ಹಾಸಿದ್ದ ಬಟ್ಟೆ ಮಡಿಸುವಾಗ ರೊಟ್ಟಿಯ ಕೆಳಗೆ ಒಂದು ಕಂತೆ ಸಿಕ್ಕಿತು. ಫೋನ್ ಮಾಡಿದೆ.

"ಏನೋ ಮರ್ತು ಹೋಗಿದ್ದೀರಿ ಬೀಗ್ರೇ."

"ನಾನು ಮರೆಯೋ ಗಿರಾಕಿನಾ? ಇಟ್ಕೊಳ್ಳಿ ಬೀಗಿತ್ತೀ, ನಿಮ್ಗೂ ಒಂದು ಶಾಲು ಬೇಡ್ವಾ ಮದುವೆಗೆ. ನಿಮ್ಮಂಥ ತಿಳಿದೋರು ಸಿಗೋದು ಕಷ್ಟ."

ತಿಳಿದೋರು ಎಂದರೆ ಏನು ತಿಳಿದವಳು ಎಂದು ಕೇಳಬೇಕೆನಿಸಿತು. ಆದರೆ ಬೀಗರು ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದೆಂದರೆ ಮುಖಕ್ಕೆ ಹೊಡೆದಂತೆ. ಇಟ್ಟುಕೊಂಡೆ. ಎಣಿಸಲಿಲ್ಲ. ಹಸಿರು ಶಾಲು ಒಂದು ನೋಡಿಟ್ಟಿದ್ದೇನೆ.

ಮೆಹ್ರಿ ಈಗ ಅತಿಥಿಗಳ ಮಾತನ್ನು ತಿಳಿಸಿಕೊಡುವುದಿಲ್ಲ. ಗಂಟಲು ಕೆಟ್ಟಿದೆಯಂತೆ.

ಅಕ್ಟೋಬರ್ 6

ನೆಂಟರೆಲ್ಲ ಹೋದ ಮೇಲೆ ಕೂತು ಬರೆಯುತ್ತಿದ್ದೇನೆ.

ಇವತ್ತು ಗಂಡಿನ ಕಡೆಯವರು ಮದುವೆ ಊಟದ ಸಾಮಾನು ತಂದರು. ಒಂದು ಟಗರು, ಅಕ್ಕಿ, ಎಣ್ಣೆ, ಎರಡು ಮೂಟೆ ಗಜ್ಜರಿ. ಅದರ ಜೊತೆಗೆ ಖರ್ಚಿನ ದುಡ್ಡು, ತಟ್ಟೆಯಲ್ಲಿ ಕಂತೆ ಪೇರಿಸಿ ಮೇಲೆ ಕಸೂತಿ ಬಟ್ಟೆ ಹೊದಿಸಿ. ಬೀದಿಯ ಹೆಂಗಸರೆಲ್ಲ ಗೋಡೆಯುದ್ದಕ್ಕೂ ಕೂತಿದ್ದರು. ಬೀದಿಯ ಹಿರಿಯಜ್ಜಿ ದುಆ ಬೇಡಲು ಕೈ ಎತ್ತಬೇಕು, ಅಷ್ಟರಲ್ಲಿ ಮೆಹ್ರಿ ಒಳಕೋಣೆಯಿಂದ ಬಂದಳು. ಮದುಮಗಳು ಆ ಹೊತ್ತಿನಲ್ಲಿ ಹೊರಗೆ ಬರಬಾರದು. ಬಂದವಳು ತಟ್ಟೆಯ ಮುಂದೆ ಮಂಡಿಯೂರಿ, ಬಟ್ಟೆ ಸರಿಸಿ, ಮೇಲಿನ ಕಂತೆಯ ರಬ್ಬರ್ ತೆಗೆದಳು. ಗಟ್ಟಿಯಾಗಿ ಎಣಿಸತೊಡಗಿದಳು. ಹೆಬ್ಬೆರಳು ಓಡಿಸುವ ರೀತಿ ನನ್ನದೇ.

"...ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು." ಅಲ್ಲಿಗೆ ಮುಗಿಯಿತು. ಖಾಲಿ ಕೈ ಎತ್ತಿ ಎಲ್ಲರಿಗೂ ತೋರಿಸಿದಳು.

ಬಾಗಿಲ ಹತ್ತಿರ ಗಂಡಸರ ಜೊತೆ ನಿಂತಿದ್ದ ಬೀಗರ ಮುಖದಲ್ಲಿ ನಗು ಹಾಗೇ ಅಂಟಿಕೊಂಡಿತ್ತು. ಬೆಹ್ರೂಜ್ ನೆಲ ನೋಡುತ್ತಿದ್ದ.

ಮುಕದ್ದಸ್ ಎದ್ದು ನಿಂತಳು. "ಚೆನ್ನಾಗಿದೆ ಕಣಮ್ಮ! ಇನ್ನೂ ಹೊಸಿಲು ತುಳಿದಿಲ್ಲ, ಆಗ್ಲೇ ಮಾವನ್ನ ಎಣಿಸ್ತಾಳೆ. ತಾಯಿ ಬುದ್ಧಿ ಮಗಳಿಗೆ ಬರ್ದೇ ಇರತ್ತಾ? ನಡೀರಿ, ಹೋಗೋಣ."

ಎರಡು ವರ್ಷ ಕಣ್ಣ ಮುಂದೆ ಬಂತು. ಬಾಗಿಲು ತಟ್ಟದ ಎರಡು ವರ್ಷ.

"ಕೂತ್ಕೊಳ್ಳಿ ಬೀಗಿತ್ತೀ" ಎಂದೆ. "ಹುಡುಗಿಗೆ ಎಣಿಸೋಕೆ ಬರಲ್ಲ. ಹೊಸ ನೋಟು, ಒಂದಕ್ಕೊಂದು ಅಂಟ್ಕೊಂಡಿದೆ. ಕೊಡು ಇಲ್ಲಿ."

ಮೆಹ್ರಿ ಕಂತೆಯನ್ನು ನನ್ನ ಕೈಯಲ್ಲಿಟ್ಟಳು. "ನೀವೇ ಎಣಿಸಿ ಅಮ್ಮ. ನೀವು ಹೇಳಿದ್ದಕ್ಕೆ ನಾನು ಒಪ್ತೀನಿ." ಅವಳ ಕಣ್ಣಲ್ಲಿ ಕೋಪವಿರಲಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದರೆ ನನ್ನನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡುತ್ತಿದ್ದಳು.

ಎಣಿಸಿದೆ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಎಣಿಸಿದೆ. ಅರವತ್ತರ ತನಕ ಒಂದೂ ತಪ್ಪಲಿಲ್ಲ. ಅರವತ್ತು ದಾಟಿದ ಮೇಲೆ ಕೇಳುವವರ ಕಿವಿ ದಣಿಯುತ್ತದೆ, ಅದು ಕ್ಯಾಷ್‌ನಲ್ಲಿ ಕೂತವರಿಗೆಲ್ಲ ಗೊತ್ತು. ಅಲ್ಲಿಂದ ನಾಲಿಗೆ ಅಲ್ಲೊಂದು ಇಲ್ಲೊಂದು ಸಂಖ್ಯೆ ಹಾರಿತು, ಬೆರಳು ಹಾರಲಿಲ್ಲ. ಕೊನೆಯ ನೋಟು ತಟ್ಟೆಗೆ ಬೀಳುವುದಕ್ಕೂ ಬಾಯಿ "ನೂರು" ಎನ್ನುವುದಕ್ಕೂ ಸರಿಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಾನು ಎಣಿಸಿದ್ದಿಲ್ಲ.

ಹಿರಿಯಜ್ಜಿ ಕೈ ಎತ್ತಿದಳು, ಎಲ್ಲರೂ ಆಮೀನ್ ಎಂದರು. ಮುಕದ್ದಸ್ ನನ್ನನ್ನು ತಬ್ಬಿಕೊಂಡಳು. ಮೆಹ್ರಿ ಎದ್ದು ಒಳಗೆ ಹೋದಳು. ಅಳುವ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೆ, ಬರಲಿಲ್ಲ.

ಅಕ್ಟೋಬರ್ 7

ಬೆಳಿಗ್ಗೆ ಬೆಹ್ರೂಜ್ ಬಂದಿದ್ದ. ಮದುವೆಗೆ ಎರಡು ದಿನ ಇರುವಾಗ ಅಳಿಯ ಹೀಗೆ ಬಾಗಿಲಿಗೆ ಬರುವ ಪದ್ಧತಿಯೇ ಇಲ್ಲ. ತಲೆ ತಗ್ಗಿಸಿಕೊಂಡು, ಸಾವಿರದ ನೋಟು ಒಂಬತ್ತನ್ನು ಮುಂದೆ ಹಿಡಿದ.

"ಒಂಬತ್ತು ಕಮ್ಮಿ ಇತ್ತು ಅತ್ತೆ. ನಾನೂ ಮನಸ್ಸಲ್ಲೇ ಎಣಿಸ್ತಿದ್ದೆ. ತಗೊಳ್ಳಿ."

ಅಪ್ಪನೇ ಪರೀಕ್ಷೆಗೆ ಕಳಿಸಿರಬಹುದಲ್ಲ? ತೆಗೆದುಕೊಂಡರೆ ನಿನ್ನೆ ಸುಳ್ಳು ಎಣಿಸಿದೆ ಎಂದ ಹಾಗೆ.

"ನೂರಿತ್ತಪ್ಪ. ನಾನೇ ಎಣಿಸಿದೀನಲ್ಲ."

"ಅತ್ತೆ, ಇಲ್ಲಿ ನಾವಿಬ್ರೇ ಇರೋದು."

"ನೂರಿತ್ತು."

ಅವನು ಆಗ ತಲೆ ಎತ್ತಿ ನನ್ನ ಬೆನ್ನ ಹಿಂದಕ್ಕೆ ನೋಡಿದ. ಆಗಲೇ ತಿಳಿದದ್ದು, ಮೆಹ್ರಿ ನನ್ನ ಹಿಂದೆ ನಿಂತಿದ್ದಾಳೆ ಎಂದು.

"ಆಯ್ತು" ಎಂದ ಬೆಹ್ರೂಜ್. "ನಾವು ಕಾಗಾನ್ ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದೀವಿ. ಮದುವೆ ಆಗತ್ತೆ, ಹೆದರ್ಬೇಡಿ. ಆಮೇಲೆ ನಾವು ಅಲ್ಲೇ ಇರೋದು. ನಿಮ್ಮಿಬ್ಬರ ದುಡ್ಡು ನಮಗೆ ಬೇಡ."

ನಿಮ್ಮಿಬ್ಬರ! ನನ್ನನ್ನೂ ಅವನಪ್ಪನನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದ. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ, ನಾಲಿಗೆ ಕಚ್ಚಿಕೊಂಡೆ. ನಾನು ಕದ್ದಿದ್ದೇನೆಯೇ? ನನ್ನ ಡಬ್ಬಿ ಬರಿದು ಮಾಡಿಕೊಂಡವಳು ನಾನು. ಮಗಳಾದರೂ ಒಂದು ಮಾತು ಹೇಳುತ್ತಾಳೆಂದು ತಿರುಗಿ ನೋಡಿದೆ. ಅವಳು ಕಸೂತಿಯ ದಾರಗಳನ್ನು ಬಣ್ಣ ಬಣ್ಣವಾಗಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು.

ಅಕ್ಟೋಬರ್ 9

ಮದುವೆ ಆಯಿತು. ಮುನ್ನೂರು ಜನ ಉಂಡರು. ಬಾಗಿಲಲ್ಲಿ ಬೀಳ್ಕೊಡುವಾಗ ಮೆಹ್ರಿ ಮೂರು ಸಲ ತಲೆ ಬಾಗಿಸಿದಳು, ಪದ್ಧತಿ ಎಷ್ಟೋ ಅಷ್ಟು. ಹಸಿರು ಶಾಲನ್ನು ಎಲ್ಲರೂ ಹೊಗಳಿದರು.

ಅಕ್ಟೋಬರ್ 13

ಫೋನ್ ಮಾಡಿದರೆ ಎತ್ತುತ್ತಾಳೆ, ಚೆನ್ನಾಗಿದ್ದೀನಿ ಅಮ್ಮ ಎನ್ನುತ್ತಾಳೆ, ಇಡುತ್ತಾಳೆ. ನಕ್ಕಳಾ ಎಂದು ಕೇಳಿಸಿಕೊಳ್ಳಲು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿರುತ್ತೇನೆ. ಮನೆ ಬಿಕೋ ಎನ್ನುತ್ತಿದೆ. ಅತಿಥಿಗಳ ಜೊತೆ ಕೈಸನ್ನೆಯಲ್ಲೇ ಮಾತು.

ಮಧ್ಯಾಹ್ನ ಇಟಲಿಯಿಂದ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಬಂದರು. ನೂರು ಡಾಲರಿನ ನೋಟು ತೋರಿಸಿ ಎಲ್ಲಿ ಬದಲಿಸುವುದು ಎಂದು ಕೈ ಆಡಿಸಿದರು. ಇನ್ನು ಬೀಗರನ್ನು ಕರೆಯುವುದು ಬೇಡ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕರೆಯದಿದ್ದರೆ ಮುನಿಸಿಕೊಂಡಾರು, ಆ ಸಿಟ್ಟು ಮೆಹ್ರಿಯ ಮೇಲೆ ತಿರುಗಿದರೆ? ಫೋನ್ ಮಾಡಿದೆ, ಚಹಾಕ್ಕೆ ನೀರಿಟ್ಟೆ. ಕಂತೆಗೆ ಏನೂ ಸೇರಿಸಬೇಕಾಗಿಲ್ಲ. ಅಜ್ಜನಿಗೆ ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ, ಅಜ್ಜಿ ಎಲ್ಲಿ ಹೋದರೂ ಅವನ ಕೈ ಹಿಡಿದುಕೊಂಡೇ ಇರುತ್ತಾಳೆ, ಎಣಿಸಲು ಅವಳ ಕೈ ಬಿಡುವಾಗುವುದಿಲ್ಲ.